ಚಿಕ್ಕಬೀರಮ್ಮನ ವರಮಾನ

ತಾನು ಆರೂವರೆ ಲಕ್ಷದ ಹೆಂಗಸೆಂದು ಚಿಕ್ಕಬೀರಮ್ಮನಿಗೆ ಗೊತ್ತಾದದ್ದು ಎಪ್ಪತ್ತನೇ ವಯಸ್ಸಿನಲ್ಲಿ, ನಾಡಕಚೇರಿಯ ಕಿಟಕಿಯ ಮುಂದೆ. ಮೂರು ತಿಂಗಳಿಂದ ವೃದ್ಧಾಪ್ಯದ ಪಿಂಚಣಿ ನಿಂತಿತ್ತು. ಗುಮಾಸ್ತ ಅವಳ ಪಾಸ್‌ಬುಕ್ ತಿರುವಿ, ಕಳೆದ ವರ್ಷ ಖಾತೆಗೆ ಇಷ್ಟು ಬಂದಿದೆ, ವರಮಾನದ ಮಿತಿ ದಾಟಿದವರಿಗೆ ಪಿಂಚಣಿ ಇಲ್ಲ ಅಂದ.

ಅದು ಹೊಗೆಸೊಪ್ಪಿನ ದುಡ್ಡು. ಗಂಡ ಸತ್ತ ಮೇಲೆ ಸೊಪ್ಪನ್ನು ಬಿಸಿಗೆ ಬೇಯಿಸಿ ಒಣಗಿಸುವ ಮನೆಯ, ಅಂದರೆ ಬ್ಯಾರನ್ನಿನ ಲೈಸೆನ್ಸು ಅವಳ ಹೆಸರಿಗೆ ಬಂದಿತ್ತು. ಲೈಸೆನ್ಸು ಯಾರ ಹೆಸರಲ್ಲಿದೆಯೋ, ಸೊಪ್ಪಿನ ಹರಾಜಿನ ದುಡ್ಡು ಅವರ ಖಾತೆಗೇ. ಬೇಸಾಯವೆಲ್ಲ ಮಗ ಸಿದ್ದರಾಜುವಿನದು. ಹೆಸರು ಬದಲಾಯಿಸಲು ಯಾರು ಓಡಾಡುತ್ತಾರೆ ಎಂದು ಹತ್ತು ವರ್ಷ ಹಾಗೇ ಬಿಟ್ಟಿದ್ದ. ಹರಾಜು ಮುಗಿದಾಗೆಲ್ಲ ತಾಯಿಯನ್ನು ಬೈಕಿನಲ್ಲಿ ಹುಣಸೂರಿನ ಬ್ಯಾಂಕಿಗೆ ಕರೆತಂದು, ಹೆಬ್ಬೆಟ್ಟು ಒತ್ತಿಸಿ, ದುಡ್ಡನ್ನು ಚೀಲಕ್ಕೆ ತುಂಬಿಕೊಂಡು, ಅವಳಿಗೊಂದು ಮಸಾಲೆ ದೋಸೆ ಕೊಡಿಸುತ್ತಿದ್ದ.

ಅವಳದೆನ್ನುವುದು ಪಿಂಚಣಿಯ ಸಾವಿರದ ಇನ್ನೂರು ಮಾತ್ರ. ಎಲೆಯಡಿಕೆಗೆ, ಕೆ.ಆರ್. ನಗರದ ತಂಗಿಯ ಮನೆಗೆ ಒಯ್ಯುವ ಹಣ್ಣಿಗೆ, ಮೊಮ್ಮಗಳ ಬಳೆಗೆ ಯಾರ ಮುಂದೂ ಕೈಚಾಚದೆ ಖರ್ಚು ಮಾಡಲು ಅದೊಂದೇ ದುಡ್ಡು.

ಹಾಗಾದರೆ ತೆರಿಗೆ ಎಷ್ಟು ಕಟ್ಟಬೇಕೆಂದು ಕೇಳಿದಳು. ಬೇಸಾಯದ ವರಮಾನಕ್ಕೆ ತೆರಿಗೆ ಇಲ್ಲವೆಂದು ಗುಮಾಸ್ತ ನಕ್ಕ. ಅವಳಿಗೆ ಕೊಂಚ ನಿರಾಸೆಯೇ ಆಯಿತು. ತೆರಿಗೆ ಕಟ್ಟಿದ್ದರೆ ಊರಲ್ಲಿ ಹೇಳಿಕೊಳ್ಳಬಹುದಿತ್ತು.

ಬಸ್ಸಿನಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದವಳು ಏನೆಂದು ಕೇಳಿದಾಗ ತಾನು ಆರೂವರೆ ಲಕ್ಷದ ಸಾಹುಕಾರ್ತಿ ಅಂದಳು. ಆಕೆ ತನ್ನ ಚೀಲವನ್ನು ಮೆಲ್ಲಗೆ ಆಚೆ ಬದಿಗೆ ಇಟ್ಟುಕೊಂಡಳು.

ಸಿದ್ದರಾಜು ವಿಷಯ ಕೇಳಿ ತಲೆ ಕೆಡಿಸಿಕೊಳ್ಳಲಿಲ್ಲ. "ಓದ್ರೆ ಓಗ್ಲಿ ಬುಡವ್ವ. ಬೇಕಾದಾಗ ನನ್ನ ಕೇಳು" ಅಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಕೇಳುವುದೇ ಅವಳಿಗೆ ಬೇಡವಾಗಿತ್ತು.

ಮುಂದಿನ ವಾರ ಈ ವರ್ಷದ ಮೊದಲ ಹರಾಜಿನ ದುಡ್ಡು ಬಂತು. ಬ್ಯಾಂಕಿನಲ್ಲಿ ಇಂಕಿನ ಪ್ಯಾಡು ಮುಂದಿಟ್ಟಾಗ ಚಿಕ್ಕಬೀರಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಈ ದುಡ್ಡು ಯಾರ್ದು ಸಾಮಿ?"

"ಖಾತೆ ನಿಮ್ದು, ದುಡ್ಡೂ ನಿಮ್ದೇ ಅಲ್ವೇನಮ್ಮ" ಎಂದರು ಅಧಿಕಾರಿ.

ಅವಳು ಮಗನ ಕಡೆ ತಿರುಗಿದಳು. "ಸರ್ಕಾರನೂ ಅಂಗೇ ಅಂತು. ನಿಂಗೊಬ್ನಿಗೇ ಗೊತ್ತಿಲ್ಲ ಕಣ್ಲಾ."

ಸಿದ್ದರಾಜು ಬೆವರಿದ. ಗೊಬ್ಬರದಂಗಡಿಯವನು, ಕೂಲಿಯವರು ಕಾಯುತ್ತಿದ್ದಾರೆ, ಜನ ನೋಡುತ್ತಿದ್ದಾರೆ ಎಂದು ಪಿಸುಗುಟ್ಟಿದ. ಜನ ನೋಡುತ್ತಲೇ ಇದ್ದರು. ಸಾಲಿನಲ್ಲಿದ್ದ ಅವರೂರಿನ ಹುಚ್ಚಯ್ಯ, "ಒತ್ಬ್ಯಾಡ ಕಣಕ್ಕ. ಇಬ್ರೂ ಸೇರಿ ಒಂದು ಓಟ್ಲು ಮಡಗವ" ಅಂದ. ನಗು ನುಂಗಲು ಚಿಕ್ಕಬೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಿಂಗಳಿಗೆ ಎರಡು ಸಾವಿರ ತನ್ನ ಖಾತೆಯಲ್ಲೇ ಉಳಿಯಬೇಕು, ವರ್ಷದ್ದು ಒಟ್ಟಿಗೇ, ಅದನ್ನು ಯಾರೂ ಮುಟ್ಟಬಾರದು ಎಂದು ಅವಳು ಹೇಳಿದಳು. ಸಿದ್ದರಾಜು ಬೆಂಬಲಕ್ಕೆಂದು ಹೆಂಡತಿ ಪ್ರಿಯಾಗೆ ಫೋನು ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

ಪ್ರಿಯಾ ಎಲ್ಲ ಕೇಳಿಸಿಕೊಂಡು, "ಅತ್ತೆ, ಎರಡಕ್ಕೆ ಒಪ್ಕೋಬೇಡಿ, ಮೂರು ಕೇಳಿ" ಅಂದಳು.

ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ಮೂವತ್ತಾರು ಸಾವಿರ ಬಿಟ್ಟು ಮಿಕ್ಕದ್ದಕ್ಕೆ ಅಧಿಕಾರಿ ಚೀಟಿ ಬರೆದರು. ಚಿಕ್ಕಬೀರಮ್ಮ ಅದನ್ನು ಎರಡು ಸಲ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬೈಕು ಹತ್ತುವಾಗ ಸಿದ್ದರಾಜು, ನಾಳೆಯೇ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಬಿಡೋಣ, ಆಮೇಲೆ ಸರ್ಕಾರದ ಪಿಂಚಣಿಗೂ ಮತ್ತೆ ಅರ್ಜಿ ಹಾಕಬಹುದು ಎಂದು ನಯವಾಗಿ ಹೇಳಿದ.

"ಸರ್ಕಾರದ್ದು ಸಾವಿರದಿನ್ನೂರು, ಇದು ಮೂರ್ಸಾವ್ರ" ಅಂದಳು ಚಿಕ್ಕಬೀರಮ್ಮ. "ನಂಗ್ಯಾಕ್ಲಾ ಆ ಲಾಸು?"

ಅವಳು ನಕ್ಕ ನಗುವಿಗೆ ಬೈಕು ಓಲಾಡಿತು. ಬೀಳುತ್ತೀವಿ ಸುಮ್ಮನೆ ಕೂರವ್ವ ಎಂದು ಗದರಲು ಹೋಗಿ ಸಿದ್ದರಾಜುವೂ ನಕ್ಕುಬಿಟ್ಟ.