ಮಗುವಿನ ತಲೆ ಮುಟ್ಟಿ ಹಾಕಿದ ಓಟು

ಓಟಿನ ದಿನ ಆ ಮನೆಯಲ್ಲಿ ಒಲೆ ಹಚ್ಚುವ ಮೊದಲು ಆಣೆ ಹಾಕಿಸುವುದು ಪದ್ಧತಿ. ಮರಗೆಲಸದ ಯಜಮಾನರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಹೆಂಡತಿ, ಮಗ, ಸೊಸೆ ಒಬ್ಬೊಬ್ಬರಾಗಿ ಮಗುವಿನ ತಲೆ ಮುಟ್ಟಿ, ಯಜಮಾನರು ಹೇಳಿದವರಿಗೇ ಓಟು ಎನ್ನಬೇಕು. ಗುಟ್ಟಾಗಿರಲಿ ಎಂದು ಮತಗಟ್ಟೆಯಲ್ಲಿ ಅಡ್ಡ ಮರೆ ಇಟ್ಟಿರುತ್ತಾರಲ್ಲ, ಅದನ್ನು ಇವರು ಮನೆಯಲ್ಲೇ ಕಿತ್ತು ಕಳಿಸುತ್ತಿದ್ದರು.

ಹೇಳಿದವರು ಎಂದರೆ ನಾಳೆ ಸಾಹೇಬರು. ಚರಂಡಿ ಒಡೆದು ಕುಡಿಯುವ ನೀರಿಗೆ ಸೇರುತ್ತಿದೆ ಎಂದು ಯಾರು ದೂರಿದರೂ "ನಾಳೆ ಮಾಡಿಸೋಣ" ಎನ್ನುತ್ತಿದ್ದುದರಿಂದ ಬಂದ ಹೆಸರು. ಶಾಲೆಯ ಬೆಂಚುಗಳ ಕೆಲಸವನ್ನು ಮಾತ್ರ ಯಜಮಾನರಿಗೆ ನಾಳೆ ಎನ್ನದೆ ಅವತ್ತೇ ಕೊಡಿಸಿದ್ದರು. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದು ಯಜಮಾನರ ನ್ಯಾಯ.

ಈ ಸಲ ಸೊಸೆಗೆ ಮನಸ್ಸಿದ್ದದ್ದು ಕೊಳಾಯಿ ಸರಿಮಾಡಿಸುತ್ತೇನೆಂದು ಚುನಾವಣೆಗೆ ನಿಂತಿದ್ದ ನರ್ಸಮ್ಮನ ಮೇಲೆ. ಮತಗಟ್ಟೆಯಲ್ಲಿ ಬೆರಳು ಆಕೆಯ ಗುರುತಿನತ್ತ ಹೋಗಿಯೂ ಇತ್ತು. ಮಗಳ ತಲೆ ನೆನಪಾಗಿ ಸಾಹೇಬರ ಗುರುತನ್ನೇ ಒತ್ತಿ ಬಂದಿದ್ದಳು.

ಸಾಹೇಬರು ಗೆದ್ದರು. ಗೆದ್ದವರು ಬಾಗಿಲಲ್ಲಿ ನಿಂತು ನಕ್ಕರು. "ಎಲ್ಲಾ ಕಡೆ ಬಿತ್ತು ಯಜಮಾನ್ರೇ. ನಿಮ್ಮ ಬೀದಿ ಮಾತ್ರ ಕೈ ಕೊಡ್ತು."

ಸಾಹೇಬರು ಬೀದಿ ಎಂದರೆ ಯಜಮಾನರು ಮನೆ ಎಂದುಕೊಂಡರು. ಅಂದಿನಿಂದ ಊಟಕ್ಕೆ ಕೂತರೆ ಆಣೆ ಮುರಿದವರು ಯಾರೆಂದು ಅವರ ಕಣ್ಣು ತಟ್ಟೆ ಬಿಟ್ಟು ಮುಖಗಳ ಮೇಲೆ. ಸೊಸೆ ಹೊಲಿಗೆ ಯಂತ್ರ ನಿಲ್ಲಿಸಿದರೆ ಪಕ್ಕದ ಕೋಣೆಯ ಪಿಸುಮಾತೂ ನಿಲ್ಲುತ್ತಿತ್ತು. ಅವಳಿಗೂ ಅತ್ತೆಯ ಮೇಲೆ ಗುಮಾನಿ, ಗಂಡನ ಮೇಲೆ ಗುಮಾನಿ. ಕೊನೆಗೆ ಗಂಡನೇ ಮೆಲ್ಲಗೆ ಕೇಳಿದ, "ನೀನೇನಾ?" ಕಟ್ಟಿಕೊಂಡವನೂ ಹೀಗೆ ಕೇಳಿದನಲ್ಲ ಎಂದು ಅವಳಿಗೆ ಅಳು ಬಂತು.

ಅಷ್ಟರಲ್ಲಿ ಮಗುವಿಗೆ ಜ್ವರ ಹಿಡಿಯಿತು.

"ಗೊತ್ತಾಯ್ತಲ್ಲ!" ಎಂದರು ಯಜಮಾನರು. "ಆಣೆ ಮುರಿದೋರು ಒಪ್ಪಿಕೊಳ್ಳೋ ತನಕ ಯಾವ ಔಷಧಿಯೂ ನಾಟಲ್ಲ."

"ಮಾವ, ಮಗು ಮೈ ಕೆಂಡ ಆಗಿದೆ. ಮೊದಲು ಆಸ್ಪತ್ರೆಗೆ ಹೋಗೋಣ."

"ಒಪ್ಕೊಂಡು ಹೋಗು."

"ಒಪ್ಕೊಂಡುಬಿಡೇ ತಾಯಿ, ನಿನ್ನ ದಮ್ಮಯ್ಯ" ಎಂದು ಅತ್ತೆ ಗೋಗರೆದರು. ಗಂಡ ನೆಲ ನೋಡುತ್ತಿದ್ದ. ಮಾಡದ ತಪ್ಪನ್ನು ಒಪ್ಪಿಕೊಂಡರೆ ಮಗು ಉಳಿದೀತೇನೋ ಎಂದು ಒಂದು ಗಳಿಗೆ ಅವಳಿಗೂ ಅನ್ನಿಸಿತು. ಓದುಗರೇ, ಹೆದರಿಕೆ ಹೊಕ್ಕ ಮನೆಯಲ್ಲಿ ಬುದ್ಧಿ ಹೊಸ್ತಿಲಾಚೆಯೇ ನಿಲ್ಲುತ್ತದೆ. ಮಗು ಜ್ವರದ ತಾಪಕ್ಕೆ ಬಡಬಡಿಸತೊಡಗಿದಾಗ ಅವಳು ಯಾರ ಅಪ್ಪಣೆಗೂ ಕಾಯದೆ ಅದನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದಳು.

"ಗಲೀಜು ನೀರಿನ ಜ್ವರ ಇದು" ಎಂದರು ಡಾಕ್ಟರಮ್ಮ. "ನಿಮ್ಮ ಬೀದಿಯ ಮಕ್ಕಳೇ ಇಲ್ಲಿ ಸಾಲಾಗಿ ಮಲಗಿದ್ದಾರೆ, ನೋಡಿ. ಇನ್ನಷ್ಟು ತಡ ಮಾಡಿದ್ರೆ ಉಳೀತಿರಲಿಲ್ಲ."

ಜ್ವರ ಇಳಿದ ದಿನ ಯಜಮಾನರು ಆಸ್ಪತ್ರೆಗೆ ಬಂದರು. ಮಗುವಿನ ಮುಖ ನೋಡಿ ಕಣ್ಣು ತುಂಬಿತಾದರೂ ಹಟ ಹೋಗಿರಲಿಲ್ಲ. "ಈಗಲಾದ್ರೂ ಹೇಳು. ಆಣೆ ಮುರಿದಿದ್ದಕ್ಕೇ ತಾನೇ ಇದೆಲ್ಲಾ?"

ಸೊಸೆ ತಲೆಯೆತ್ತಿದಳು. "ನಾನು ಆಣೆ ಮುರೀಲಿಲ್ಲ ಮಾವ. ಮುರೀಬೇಕಿತ್ತು. ಚರಂಡಿ ನೀರು ಕುಡಿಸಿದೋರಿಗೇ ಮಗಳ ತಲೆ ಮುಟ್ಟಿ ಓಟು ಹಾಕಿದೆ. ಅದಕ್ಕೇ ಬಂತು ಈ ಜ್ವರ."

ಅವಳು ಮಗುವಿನ ಹೊದಿಕೆ ಸರಿಮಾಡಿದಳು.

"ಇನ್ಮೇಲೆ ನನ್ನ ಓಟು ನನ್ನದು. ಯಾರಿಗೆ ಹಾಕಿದೆ ಅಂತ ನಿಮಗೂ ಹೇಳಲ್ಲ, ನಿಮ್ಮ ಮಗನಿಗೂ ಹೇಳಲ್ಲ. ಆಣೆ ಹಾಕಿಸೋಕೆ ಇವಳ ತಲೆ ಸಿಗಲ್ಲ."

ಮೊಮ್ಮಗಳ ತಲೆ ಸವರಲು ಚಾಚಿದ್ದ ಕೈಯನ್ನು ಯಜಮಾನರು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.