ತಂಗಿಯ ಕೈಗುಣ

ಸೇವಂತಿಗೆ ಗಿಡವನ್ನು ಸಾಯಿಸುವುದು ಸುಲಭವಲ್ಲ. ಹೂ ಮುಗಿದ ಮೇಲೆ ಬುಡಮಟ್ಟ ಕತ್ತರಿಸಿ ಮರೆತುಬಿಟ್ಟರೂ ಅದು ಮುನಿಸಿಕೊಳ್ಳುವುದಿಲ್ಲ. ಸುತ್ತ ಮರಿ ಹಾಕಿ, ಮುಂದಿನ ವರ್ಷ ಮತ್ತೆ ಹೂ ಹೊತ್ತು ನಿಲ್ಲುತ್ತದೆ. ಇಂಥ ಗಿಡವೂ ತಂಗಿಯ ಅಂಗಳದಲ್ಲಿ ಬದುಕಲಿಲ್ಲ. ಕೊಟ್ಟಾಗಲೆಲ್ಲ ಸತ್ತಿತು. ಯಾಕೆ ಸತ್ತಿತೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಬಟ್ಟೆ ಹೊಲಿಯುವವಳು. ಹೊಲಿಗೆ ಕೋಣೆಯ ಕಿಟಕಿಯ ಕೆಳಗೆ, ಚಾಪೆಯಗಲದ ಮಣ್ಣಿನಲ್ಲಿ, ಅವಳ ಇಟ್ಟಿಗೆಗೆಂಪು ಸೇವಂತಿಗೆಯ ಪೊದೆಯಿತ್ತು. ಬಟ್ಟೆ ತಂದವರು ಅಳತೆ ಕೊಡುವುದಕ್ಕಿಂತ ಮೊದಲು ಹೂವನ್ನು ಹೊಗಳುತ್ತಿದ್ದರು. ತಂಗಿಗೋ ದೊಡ್ಡ ಮನೆ, ಧಾರಾಳ ಬಿಸಿಲು ಬೀಳುವ ಅಂಗಳ, ಹೇಳಿದ ಮಾತು ಕೇಳುವ ಗಂಡ. ತನಗೂ ಒಂದು ಬುಡ ಬೇಕೆಂದು ಅವಳು ಕೇಳಿದ ದಿನ ಅಕ್ಕನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಇದೂ ಅಲ್ಲಿ ಹೋಗಿ ಅರಳಿದರೆ ಈ ಕಿಟಕಿಯ ಕಡೆ ಯಾರು ತಿರುಗಿ ನೋಡುತ್ತಾರೆ? ಹೊಟ್ಟೆಕಿಚ್ಚಿಗೆ ಔಷಧಿಯಿಲ್ಲ ಅನ್ನುತ್ತಾರೆ. ಇದ್ದಿದ್ದರೂ ಯಾರೂ ಕೊಳ್ಳುತ್ತಿರಲಿಲ್ಲ.

ಸೇವಂತಿಗೆಯ ಜೀವವೆಲ್ಲ ಪೊದೆಯ ಅಂಚಿನ ಎಳೆಯ ಮರಿಗಳಲ್ಲಿರುತ್ತದೆ. ನಡುವಿನ ಹಳೇ ಬೊಡ್ಡೆ ಕಟ್ಟಿಗೆಯಂತಾಗಿರುತ್ತದೆ, ಅದನ್ನು ಎಸೆಯಬೇಕು. ಎಸೆಯಬೇಕಾದದ್ದನ್ನೇ ಅಕ್ಕ, ಮೇಲೊಂದೆರಡು ಹಸಿರೆಲೆ ಇರುವಂತೆ ನೋಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನಗುನಗುತ್ತ ಕೊಟ್ಟಳು.

ಅದು ಒಣಗಿತು. ತಂಗಿ ಪೆಚ್ಚು ಮುಖ ಹಾಕಿಕೊಂಡು ಬಂದಾಗ, "ಇದನ್ನೂ ಸಾಯಿಸಿದ್ಯಲ್ಲ, ಎಂಥಾ ಕೈಗುಣನೇ ನಿಂದು" ಎಂದು ಅಕ್ಕ ತಮಾಷೆ ಮಾಡಿದಳು. ಮುಂದಿನ ಸಲ ಒಳ್ಳೆಯ ಮರಿಯನ್ನೇ ಕೊಡಬೇಕೆಂದುಕೊಂಡಳು. ಆದರೆ ಅದು ಚಿಗುರಿದರೆ ಮೊದಲಿನದರ ಗುಟ್ಟು ರಟ್ಟಾಗುತ್ತದಲ್ಲ? ಕಳ್ಳನಿಗೊಂದು ಪಿಳ್ಳೆ ನೆವ. ಮತ್ತೆ ಬೊಡ್ಡೆಯೇ ಹೋಯಿತು. ತಮಾಷೆ ಮಾತ್ರ ನೆಂಟರ ಬಾಯಲ್ಲಿ ಚೆನ್ನಾಗಿ ಬೇರು ಬಿಟ್ಟಿತು. ಹಾಲು ಒಡೆದರೂ ತಂಗಿಯ ಕೈಗುಣ, ಬಲ್ಬು ಹೋದರೂ ತಂಗಿಯ ಕೈಗುಣ. ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ಕೊನೆಗೆ ಗಿಡ ಕೇಳುವುದನ್ನೇ ಬಿಟ್ಟಳು. ಅಕ್ಕನಿಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆಮೇಲೆ ತಂಗಿಯ ಮಗಳಿಗೆ ಹೆರಿಗೆಯಾಯಿತು. ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದು, ಅಂತೂ ಮನೆಗೆ ಬಂತು. ಅಕ್ಕ ಅಂಗೈಯಗಲದ ಅಂಗಿಗಳನ್ನು ಹೊಲಿದುಕೊಂಡು ನೋಡಲು ಹೋದಳು. ಬಾಣಂತಿ ದೊಡ್ಡಮ್ಮನ ಕೈ ಹಿಡಿದು ಅತ್ತೇಬಿಟ್ಟಳು. ಅಮ್ಮ ಬಟ್ಟೆ ಒಗೆಯುತ್ತಾಳೆ, ನೀರು ಕಾಯಿಸುತ್ತಾಳೆ, ಮಗುವನ್ನು ಮಾತ್ರ ಒಮ್ಮೆಯೂ ಎತ್ತಿಕೊಂಡಿಲ್ಲವಂತೆ. ತನ್ನ ಮೇಲೇನಾದರೂ ಕೋಪವೇ ಎಂದು ಹುಡುಗಿಗೆ ಸಂಶಯ.

ಅಕ್ಕ ಅಡುಗೆಮನೆಗೆ ಹೋಗಿ ಕೇಳಿದಳು. ಬಾಟಲಿ ತೊಳೆಯುತ್ತಿದ್ದ ತಂಗಿ ತಿರುಗಲಿಲ್ಲ.

"ಮೊದಲೇ ಬಡಕಲು ಜೀವ ಕಣೇ. ಎಸೆದ್ರೂ ಬದುಕೋ ಗಿಡ ನನ್ನ ಕೈಲಿ ಉಳೀಲಿಲ್ಲ. ಇದನ್ನ ಹೇಗೆ ಮುಟ್ಲಿ?"

ಅಕ್ಕ ಕುರ್ಚಿ ಎಳೆದು ಕೂತು ಎಲ್ಲವನ್ನೂ ಹೇಳಿದಳು, ಬೊಡ್ಡೆಯನ್ನೂ, ಹೊದಿಸಿದ ಒದ್ದೆ ಬಟ್ಟೆಯನ್ನೂ ಬಿಡದೆ.

"ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ನಾನು ಕೊಟ್ಟಿದ್ದೇ ಸತ್ತದ್ದು. ಹೊಟ್ಟೆಕಿಚ್ಚಿಗೆ ಕೊಟ್ಟೆ."

ಬೈಗುಳಕ್ಕೆ, ಬೇಕಾದರೆ ಏಟಿಗೂ ಅವಳು ತಯಾರಾಗಿದ್ದಳು. ತಂಗಿ ತಿರುಗಿದಳು. ಕಣ್ಣು ತುಂಬಿತ್ತು, ಮುಖದಲ್ಲಿ ನಗುವಿತ್ತು. ಮಗಳನ್ನು ಬಾಗಿಲಿಗೆ ಕರೆದಳು.

"ಕೇಳಿದ್ಯಾ ನಿನ್ನ ದೊಡ್ಡಮ್ಮನ ಮಾತು? ನನ್ನ ಸಮಾಧಾನಕ್ಕೆ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕ್ಕೋತಿದ್ದಾಳೆ. ಇಂಥ ಅಕ್ಕ ಯಾರಿಗೆ ಸಿಗ್ತಾಳೆ."

ಅಕ್ಕ ಆಣೆ ಇಟ್ಟಳು. ಇಟ್ಟಷ್ಟೂ ಅವರಿಬ್ಬರ ಕಣ್ಣಲ್ಲಿ ದೊಡ್ಡವಳಾದಳು. ಅಷ್ಟರಲ್ಲಿ ಕೋಣೆಯಲ್ಲಿ ಮಗು ಅಳತೊಡಗಿತು. ಎಲ್ಲರಿಗಿಂತ ಮೊದಲು ಓಡಿದವಳು ತಂಗಿ. ತೊಟ್ಟಿಲ ಪಕ್ಕ ನಿಂತು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನೀನೇ ಎತ್ಕೊಳ್ಳೇ ಅಕ್ಕ," ಎಂದಳು. "ನಿನ್ನ ಹತ್ರ ಎಲ್ಲಾ ಬದುಕುತ್ತೆ."

ಅಕ್ಕ ಎತ್ತಿಕೊಂಡಳು. ಮಗು ತಕ್ಷಣ ಸುಮ್ಮನಾಯಿತು.