ಇಟ್ಟಿಗೆ ಕುಣಿಕೆ

ಮುದುಕಿ ಬಿತಿನ್ನ ತನ್ನ ಅಣ್ಣ ಫೋರ್ಮಿಸನ ಗದ್ದವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ನಾರುಬಟ್ಟೆಯ ಪಟ್ಟಿಯನ್ನು ಅವನ ನೆತ್ತಿಯ ಮೇಲೆ ಮೂರನೆಯ ಸಲ ಬಿಗಿದಳು. ಕೈ ತೆಗೆದದ್ದೇ ತಡ, ಪಟ್ಟಿ ಹಿಂದಕ್ಕೆ ಜಾರಿತು. ಸತ್ತವನ ಬಾಯಿ ಮತ್ತೆ ತೆರೆದುಕೊಂಡಿತು.

"ಬದುಕಿದ್ದಾಗ ಇವನ ಬಾಯಿ ಬಿಡಿಸೋಕಾಗ್ಲಿಲ್ಲ. ಈಗ ಮುಚ್ಚಿಸೋಕಾಗ್ತಿಲ್ಲ," ಎಂದಳು ಮುದುಕಿ.

ಫೋರ್ಮಿಸನ ಒಬ್ಬಳೇ ಮಗಳು ಮಿರ್ತಲೆ ಬಾಗಿಲಿಗೂ ಮಂಚಕ್ಕೂ ನಡುವೆ ಓಡಾಡುತ್ತಿದ್ದಳು. ನಿನ್ನೆಯೆಲ್ಲ ಸೆಟೆದುಕೊಂಡಿದ್ದ ದವಡೆ ಇಂದು ಬೆಳಗಿನ ಹೊತ್ತಿಗೆ ಸಡಿಲಾಗಿತ್ತು. ನಮ್ಮ ಗ್ರೀಕ್ ದ್ವೀಪದ ಕೋಸ್ ಪಟ್ಟಣದಲ್ಲಿ ಬೀದಿಗೆ ಬಿಸಿಲು ಬೀಳುವ ಮೊದಲೇ ಹೆಣ ಊರ ಬಾಗಿಲು ದಾಟಿರಬೇಕು. ಆಕಾಶ ಆಗಲೇ ಬೆಳ್ಳಗಾಗುತ್ತಿತ್ತು. ಹೆಣದ ಮುಂದೆ ನಡೆಯಬೇಕಾದ ಕೊಳಲಿನವಳು ಎರಡು ಸಲ ಊದಲು ಶುರುಮಾಡಿ ಎರಡು ಸಲವೂ ನಿಲ್ಲಿಸಿದ್ದಳು.

ಫೋರ್ಮಿಸ್ ವೈದ್ಯನಲ್ಲ. ವೈದ್ಯಶಾಲೆಯಲ್ಲಿ ಐವತ್ತು ವರ್ಷ ರೋಗಿಗಳಿಗೆ ಹಗ್ಗದ ಕುಣಿಕೆ ಕಟ್ಟಿದವನು. ಮೂಳೆ ಕೂರಿಸಿದ ಹೆಸರು ವೈದ್ಯರಿಗೆ ಹೋಗುತ್ತದೆ. ಕೂತ ಮೂಳೆ ಕದಲದಂತೆ ಹಿಡಿದ ಹಗ್ಗದವನ ಹೆಸರನ್ನು ಯಾರೂ ಕೇಳುವುದಿಲ್ಲ. ಹೊರಲು ಬಂದು ಅಂಗಳದಲ್ಲಿ ನಿಂತವರಲ್ಲೇ ಇಬ್ಬರ ಮುರಿದ ದವಡೆ ಅವನ ಕೈಯಲ್ಲಿ ನೆಟ್ಟಗಾಗಿತ್ತು. ಅಂಥವನು ಈಗ ಊರೆಲ್ಲ ನೋಡುವಂತೆ ಬಾಯಿ ಬಿಟ್ಟುಕೊಂಡು ಹೋಗಬೇಕಾಗಿತ್ತು.

"ನೀನು ಕಟ್ಟೇ ಮಿರ್ತಲೆ," ಎಂದಳು ಬಿತಿನ್ನ. "ಚಿಕ್ಕವಳಿದ್ದಾಗ ಅವನ ಹಗ್ಗದಲ್ಲೇ ಬಿದ್ದು ಹೊರಳಾಡ್ತಿದ್ದೆ."

"ನಂಗೆ ಗಂಟು ಬರಲ್ಲ ಅತ್ತೆ."

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

*

ಇಪ್ಪತ್ತು ವರ್ಷಗಳ ಹಿಂದೆ ಮಿರ್ತಲೆಯ ಮದುವೆ. ಮದುಮಗಳ ನಡುಪಟ್ಟಿಗೆ ಹೆರಾಕ್ಲೀಸನ ಗಂಟು ಹಾಕಬೇಕಾದದ್ದು ತಾಯಿ. ತಾಯಿ ಇರಲಿಲ್ಲವಾದ್ದರಿಂದ ಅಪ್ಪನೇ ಹಾಕಿದ. ನೋಡಲು ಬಿಗಿಯಾಗಿದ್ದರೂ ಒಂದು ತುದಿ ಹಿಡಿದೆಳೆದರೆ ಜಾರಿ ಬರುವ ಗಂಟು ಅದು. ರಾತ್ರಿ ಗಂಡನ ಕೈಗೆ ಸುಲಭವಾಗಲೆಂದೇ ಹಾಗೆ.

ಆದರೆ ಫೋರ್ಮಿಸ್ ಆ ದಿನ ನೇರ ವೈದ್ಯಶಾಲೆಯಿಂದ ಬಂದಿದ್ದ. ಹಡಗಿನ ಬಡಗಿಯೊಬ್ಬನ ಕಳಚಿದ ಭುಜವನ್ನು ಎಳೆಯಲು ಬೆಳಗಿನಿಂದ ಕುಣಿಕೆ ಹಾಕಿ ಹಾಕಿ, ಬೆರಳುಗಳು ಅದೇ ಜಾಡಿನಲ್ಲಿದ್ದವು. ಮಗಳ ನಡುವಿಗೆ ಬಿದ್ದದ್ದೂ ಅದೇ, ಎಳೆದಷ್ಟೂ ಬಿಗಿಯುವ ಕುಣಿಕೆ. ಗಂಡ ಸೀಮೋಸ್ ಎಳೆದ. ಇನ್ನೂ ಎಳೆದ. ಮಿರ್ತಲೆಗೆ ಉಸಿರು ಕಟ್ಟಿತು. ಕೊನೆಗೆ ಅವನು ಚಾಕು ತಂದು ಪಟ್ಟಿಯನ್ನೇ ಕತ್ತರಿಸಿದ.

ಬೆಳಗಾಗುವಷ್ಟರಲ್ಲಿ ಬೀದಿಯೆಲ್ಲ ನಗುತ್ತಿತ್ತು. ಬಿಚ್ಚಬೇಕಾದದ್ದನ್ನು ಕತ್ತರಿಸಿದ್ದಾರೆ, ಇನ್ನು ಈ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಗಂಡನ ತಾಯಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಏನೂ ನಿಲ್ಲಲಿಲ್ಲ. ಏಳನೆಯ ವರ್ಷ ಸೀಮೋಸ್ ಅವಳನ್ನು ತವರಿಗೆ ತಂದು ಬಿಟ್ಟ.

ಅಂದಿನಿಂದ ಮಗಳು ಅಪ್ಪನಿಗೆ ಬಾರ್ಲಿ ರೊಟ್ಟಿ ಬಡಿಸಿದಳು, ಬಟ್ಟೆ ಒಗೆದಳು, ಬೇಕಾದಷ್ಟೇ ಮಾತಾಡಿದಳು. ಒಂದು ಸಂಜೆ ಅವನು ಏನೋ ಹೇಳಲು ಬಾಯಿ ತೆರೆದಾಗ ಅವಳು ಎದ್ದು ಹೋದಳು. ಅವನು ಮತ್ತೆ ಆ ಮಾತೆತ್ತಲಿಲ್ಲ. ಅವಳ ಸಿಟ್ಟು ಮಾತ್ರ ಹಾಗೇ ಇತ್ತು.

*

ವೈದ್ಯ ನಿಕಾಗೊರಾಸ್ ಬಂದಾಗ ಎಲ್ಲರೂ ದಾರಿ ಬಿಟ್ಟರು. ಅವನು ಪಟ್ಟಿಯನ್ನು ಒಮ್ಮೆ ಅಡ್ಡ ಸುತ್ತಿದ, ಒಮ್ಮೆ ಉದ್ದ ಸುತ್ತಿದ. ದವಡೆ ಯಾವುದಕ್ಕೂ ಜಗ್ಗಲಿಲ್ಲ. ಅವನ ಕಿವಿ ಕೆಂಪಾಯಿತು.

"ನಂಗಿದು ಬರಲ್ಲಮ್ಮ," ಎಂದ. "ಕೈ ಚಾಚಿದ್ರೆ ಹಗ್ಗ ಇರ್ತಿತ್ತು. ನಾನು ಮೂಳೆ ನೋಡ್ತಿದ್ದೆ, ಅವನ ಕೈ ನೋಡ್ಲಿಲ್ಲ. ದವಡೆಗೆ ಅದೇನೋ ಇಟ್ಟಿಗೆ ಕುಣಿಕೆ ಅಂತ, ನಡುವೆ ಚೌಕ ಬರೋ ಹಾಗೆ ಕಟ್ತಿದ್ದ. ಅದೂ ಎರಡೆರಡು ಸಲ."

"ಎರಡು ಸಲ ಯಾಕೆ?" ಎಂದಳು ಬಿತಿನ್ನ.

"ಕಟ್ಟಿ, ಸಲೀಸಾಗಿ ಬಿಚ್ಕೊಳ್ಳುತ್ತಾ ಅಂತ ಬಿಚ್ಚಿ ನೋಡಿ, ಆಮೇಲೆ ಮತ್ತೆ ಕಟ್ತಿದ್ದ. ರೋಗಿ ನೋವಲ್ಲಿ ಕಿರುಚ್ತಿದ್ರೂ ಬಿಡ್ತಿರಲಿಲ್ಲ. ಬೈದೂ ಬೈದೂ ಸಾಕಾಯ್ತು ನಂಗೆ."

ಮಿರ್ತಲೆ ಓಡಾಡುವುದನ್ನು ನಿಲ್ಲಿಸಿದಳು. "ಯಾವಾಗಿಂದ?"

ವೈದ್ಯ ಅವಳ ಮುಖ ನೋಡಲಿಲ್ಲ. "ನಿನ್ನ ಮದುವೆ ಆದಾಗಿಂದ."

ಅಷ್ಟರಲ್ಲಿ ಬಿತಿನ್ನ ಬೇರೆ ಹಗ್ಗ ಸಿಗಬಹುದೆಂದು ಅಣ್ಣನ ಕೆಲಸದ ಬುಟ್ಟಿಯನ್ನು ನೆಲಕ್ಕೆ ಸುರಿದಳು. ದಾರ, ಮೇಣ, ಪಟ್ಟಿಗಳ ಅಡಿಯಿಂದ ಕೇಸರಿ ಬಣ್ಣದ ಉಣ್ಣೆಯ ಪಟ್ಟಿಯೊಂದು ಬಂತು. ಮಿರ್ತಲೆಯ ಮದುವೆಯ ನಡುಪಟ್ಟಿ. ಕತ್ತರಿಸಿದ ತುದಿಗಳನ್ನು ಅವನು ಹೆರಾಕ್ಲೀಸನ ಗಂಟಿನಿಂದ ಸೇರಿಸಿ ಬಳೆಯ ಹಾಗೆ ಮಾಡಿದ್ದ. ಗಂಟಿನ ಜಾಗದಲ್ಲಿ ಉಣ್ಣೆ ಸವೆದು ಎಳೆ ಎದ್ದಿತ್ತು. ಎಷ್ಟು ಸಲ ಬಿಚ್ಚಿದ್ದನೋ, ಎಷ್ಟು ಸಲ ಕಟ್ಟಿದ್ದನೋ.

ಮಿರ್ತಲೆಗೆ ಅಳು ಬಂತು. ಅಳುತ್ತಲೇ ಅದನ್ನು ಅತ್ತೆಯ ಕೈಯಿಂದ ಕಿತ್ತುಕೊಂಡು ಮಂಚದ ಬಳಿ ಕೂತಳು. ಎರಡೂ ಕೈಗಳ ಬೆರಳಿಗೆ ಏರಿಸಿ ಹಿಗ್ಗಿಸಿದಳು, ಒಂದರೊಳಗೊಂದು ದಾಟಿಸಿದಳು. ಆರು ವರ್ಷದವಳಿದ್ದಾಗ ಅಪ್ಪ ಹೀಗೇ ಕಟ್ಟಿ ಅವಳ ಗದ್ದಕ್ಕೆ ಹಾಕಿ, ಈಗ ಮಾತಾಡು ನೋಡೋಣ ಎನ್ನುತ್ತಿದ್ದ. ಬೆರಳುಗಳ ನಡುವೆ ಚೌಕವೊಂದು ಮೂಡಿತು, ಅದರ ಸುತ್ತ ನಾಲ್ಕು ಕುಣಿಕೆಗಳು. ಚೌಕದಲ್ಲಿ ಅಪ್ಪನ ಗದ್ದವನ್ನು ಕೂರಿಸಿ, ಕುಣಿಕೆಗಳನ್ನು ನೆತ್ತಿಗೆ ಒಯ್ದು, ನಾರುಪಟ್ಟಿ ಪೋಣಿಸಿ ಹೆರಾಕ್ಲೀಸನ ಗಂಟು ಹಾಕಿದಳು.

ಬಾಯಿ ಮುಚ್ಚಿತು.

"ಸದ್ಯ," ಎಂದಳು ಬಿತಿನ್ನ. "ಎತ್ರಪ್ಪಾ ಬೇಗ."

ಹೊರುವವರು ಒಳಬಂದು ಮಂಚಕ್ಕೆ ಕೈಹಾಕಿದರು. ಕೊಳಲು ಶುರುವಾಯಿತು. ಎದುರು ಮನೆಯ ಹೆಂಚಿನ ಅಂಚಿಗೆ ಬಿಸಿಲು ತಾಗಿತ್ತು.

"ತಡೀರಿ," ಎಂದಳು ಮಿರ್ತಲೆ.

ನೆತ್ತಿಯ ಮೇಲಿನ ತುದಿಯೊಂದನ್ನು ಹಿಡಿದು ಎಳೆದಳು. ಗಂಟು ಒಂದೇ ಎಳೆತಕ್ಕೆ ಜಾರಿ ಬಂತು. ಅಪ್ಪನ ಬಾಯಿ ತೆರೆದುಕೊಂಡಿತು. ಅಂಗಳದಲ್ಲಿ ಯಾರೋ ಗೊಣಗಿದರು, ಕೊಳಲು ಮೂರನೆಯ ಸಲ ನಿಂತಿತು. ಅವಳು ಕೇಸರಿ ಪಟ್ಟಿಯನ್ನು ಮತ್ತೆ ಬೆರಳುಗಳಿಗೆ ಏರಿಸಿಕೊಂಡು, ಇಟ್ಟಿಗೆಯನ್ನು ಎರಡನೆಯ ಸಲ, ಮೊದಲಿನಿಂದ ಕಟ್ಟತೊಡಗಿದಳು.